ಅಪ್ಪನ ಗಡಿಯಾರಕ್ಕೆ ನೀನು ಕಟ್ಟಿದ ಕತೆ

ಮನೆಯಿಂದ, ಅಡುಗೆಮನೆಯ ಮೇಜಿನ ಮೇಲೆ
ಮೇ ೧೪, ಮಂಗಳವಾರ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ಹೊಸ ಕಚೇರಿಯ ಕುರ್ಚಿ ಸರಿಯಿಲ್ಲ ಎಂದಿದ್ದೆ, ಸೊಂಟಕ್ಕೊಂದು ದಿಂಬು ಇಟ್ಟುಕೋ. ಇಲ್ಲಿ ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅಪ್ಪ ಎಷ್ಟು ಸಣ್ಣ ಅಕ್ಷರವಿದ್ದರೂ ಬಿಡದೆ ಓದುತ್ತಾರೆ. ಎಡವಟ್ಟಾದದ್ದು ಅಲ್ಲಿಂದಲೇ.

ನಿನ್ನ ಗಡಿಯಾರ ಸಂಗ್ರಾಹಕರ ಪತ್ರಿಕೆ ಕಳೆದ ವಾರ ಮನೆಗೆ ಬಂತು. ನೀನು ಕೂಡಿಟ್ಟ ಹನ್ನೊಂದು ಅಪರೂಪದ ಕ್ರೋನೋಗ್ರಾಫ್‌ಗಳ, ಅದೇ ಗುಂಡಿ ಒತ್ತಿ ಸೆಕೆಂಡು ಅಳೆಯುವ ಕೈಗಡಿಯಾರಗಳ, ಬಣ್ಣದ ಚಿತ್ರ, ನಡುವೆ ಪುಟದ ತುಂಬ ಅಪ್ಪನದು. ಮೂರು ವರ್ಷದ ಹಿಂದೆ 'ಎಣ್ಣೆ ಹಾಕಿಸಿ ಕೊಡ್ತೀನಿ' ಎಂದು ನೀನು ಇಸಿದುಕೊಂಡದ್ದು, ಕೇಳಿದಾಗಲೆಲ್ಲ 'ಪಾರ್ಟ್ ಸಿಕ್ಕಿಲ್ಲ' ಎಂದು ಸಾಗಹಾಕಿದ್ದು, ಅದೇ. ಕೆಳಗೆ ನಿನ್ನದೇ ಬರಹ: ಏಳು ವರ್ಷ ಅಲೆದ ಮೇಲೆ ಹಳೆಸಾಮಾನಿನ ಅಂಗಡಿಯೊಂದರ ಮೂಲೆಯಲ್ಲಿ, ದೂಳಿನಡಿಯಲ್ಲಿ ನಿನಗೆ ಸಿಕ್ಕಿತಂತೆ. ಓಟದ ಮೈದಾನದಲ್ಲಿ ಮೂವತ್ತೊಂದು ವರ್ಷ ಸಮಯ ಅಳೆದ ಮನುಷ್ಯನನ್ನು ಒಂದೇ ಸಾಲಿನಲ್ಲಿ ಹಳೆಸಾಮಾನು ಮಾಡಿಬಿಟ್ಟೆಯಲ್ಲೋ. ಬರೆಯಲು ಕೈಯಾದರೂ ಹೇಗೆ ಬಂತು?

ಅಪ್ಪ ಎರಡು ಸಲ ಓದಿದರು. ಕನ್ನಡಕ ಮಡಚಿಟ್ಟು, 'ಇರಲಿ ಬಿಡು, ಅವನಿಗೂ ಹೇಳ್ಕೊಳ್ಳೋಕೆ ಒಂದು ಕತೆ ಬೇಕಲ್ಲ' ಎಂದರು. ಅವರು ನುಂಗಿಕೊಂಡರು, ನನಗೆ ಗಂಟಲಲ್ಲಿ ಇಳಿಯಲಿಲ್ಲ. ಮರುದಿನ ಬೀಗ ರಿಪೇರಿಯವನನ್ನು ಕರೆಸಿ ಇಲ್ಲಿ ನೀನು ಬೀಗ ಹಾಕಿ ಹೋದ ನಿನ್ನ ಕೋಣೆಯ ಕಪಾಟು ತೆಗೆಸಿದೆ. ಅಲ್ಲೇ ಇತ್ತು, ಮಖಮಲ್ಲಿನ ಗುಳಿಯಲ್ಲಿ ಬೆಚ್ಚಗೆ. ಅಪ್ಪನ ಮಂಚದಿಂದ ಎಂಟು ಹೆಜ್ಜೆ. ಗೋಡೆಯ ಈಚೆ ಅವರು 'ಪಾರ್ಟ್ ಸಿಕ್ಕಿತಂತಾ?' ಎಂದು ಕೇಳುತ್ತಿದ್ದರೆ ಆಚೆ ಅದು ಮಲಗಿತ್ತು. ಉಳಿದ ಹತ್ತನ್ನು ನಾನು ಮುಟ್ಟಿಲ್ಲ, ಎದೆ ಹಿಡಿದುಕೊಳ್ಳಬೇಡ.

ಕೀಲಿ ಕೊಟ್ಟು ಅಪ್ಪನ ಕೈಗೆ ಕಟ್ಟಿದೆ. ಪಟ್ಟಿ ಎರಡು ತೂತು ಸಡಿಲವಾಗಿದೆ, ಮಣಿಕಟ್ಟು ಅಷ್ಟು ಸೊರಗಿದೆ. ಶನಿವಾರ ಮೈದಾನಕ್ಕೆ ಕರೆದುಕೊಂಡು ಹೋದೆ. ಹಿಂದೆ ಅಪ್ಪನೆದುರು ಓಡುತ್ತಿದ್ದ, ನಾವು 'ಉದ್ದಕಾಲಿನವಳು' ಎನ್ನುತ್ತಿದ್ದ ಹುಡುಗಿ ಈಗ ಅಲ್ಲಿ ತರಬೇತುದಾರಳು. ಅವಳೇ ಅಪ್ಪನನ್ನು ಮುಕ್ತಾಯದ ಗೆರೆಯ ಪಕ್ಕ ನಿಲ್ಲಿಸಿದಳು. ಓಟ ಶುರುಮಾಡುವ ಪಿಸ್ತೂಲಿನ ಸದ್ದು ತಡವಾಗಿ ಮುಟ್ಟುತ್ತದೆ, ಅದಕ್ಕೆ ಕಾಯಬಾರದು, ಹೊಗೆ ಕಂಡ ಕೂಡಲೇ ಗುಂಡಿ ಒತ್ತಬೇಕು ಎಂದು ನಮಗೆ ಚಿಕ್ಕಂದಿನಲ್ಲಿ ಕಲಿಸಿದ್ದರಲ್ಲ, ಹಾಗೇ ಒತ್ತಿದರು. ಓಟ ಮುಗಿದಾಗ ಮೈದಾನದ ಎಲೆಕ್ಟ್ರಾನಿಕ್ ಫಲಕ ತೋರಿಸಿದ ಸಮಯಕ್ಕೂ ಅವರದಕ್ಕೂ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ವ್ಯತ್ಯಾಸ. 'ನನ್ನ ಹೆಬ್ಬೆರಳು ನಿಧಾನ ಆಗಿದೆ, ಗಡಿಯಾರದ ತಪ್ಪಿಲ್ಲ' ಎಂದು ಅವಳಿಗೆ ವಿವರಿಸಿದರು. ಅಷ್ಟು ಹಿಗ್ಗಿದ ಮುಖವನ್ನು ನಾನು ಅಮ್ಮ ಹೋದ ಮೇಲೆ ನೋಡಿರಲಿಲ್ಲ.

ಇದನ್ನೆಲ್ಲ ಹೇಳೋಣವೆಂದು ನಿನ್ನೆ ಫೋನ್ ಮಾಡಿದರೆ, ಗಡಿಯಾರ ಅಪ್ಪನ ಕೈಯಲ್ಲಿದೆ ಎನ್ನುತ್ತಲೇ ನಿನ್ನ ಮೊದಲ ಮಾತು, 'ಗಾಜಿಗೆ ಗೀರು ಬಿತ್ತಾ?' ಬಿದ್ದಿದೆ, ಎರಡು. ಸಿಟ್ಟಿಗೆ ಫೋನ್ ಇಟ್ಟೆ, ಅದಕ್ಕೇ ಈ ಪತ್ರ. ಯಾರೂ ಕಟ್ಟದ ಗಡಿಯಾರಕ್ಕೆ ಬೆಲೆ ಹೆಚ್ಚು ಎನ್ನುವ ನಿಮ್ಮ ಲೋಕದ ನ್ಯಾಯ ನನಗೆ ತಿಳಿಯದು, ತಿಳಿಯುವುದೂ ಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪನ ಆಶೀರ್ವಾದ ಎಂದಿನಂತೆ ಪೂರ್ತಿ ಇದೆ. ನನ್ನದು ಸದ್ಯಕ್ಕೆ ಅರ್ಧ.

ಇಂತಿ,
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಪತ್ರಿಕೆಯ ಸಂಪಾದಕರ ಫೋನ್. ನಿನ್ನ ಆ ಅಂಗಡಿಯ ಚಿತ್ರ ಬೇಕಂತೆ, ವಿಳಾಸ ಕೇಳಿದರು. ನಿಜ ಹೇಳಲೆಂದೇ ಬಾಯಿ ತೆರೆದೆ. ಅಪ್ಪ ಫೋನ್ ಕಿತ್ತುಕೊಂಡು, 'ಆ ಅಂಗಡಿ ಮುಚ್ಚಿ ಬಹಳ ಕಾಲ ಆಯ್ತು ಸ್ವಾಮಿ' ಎಂದರು. ಯಾರ ಮುಲಾಜಿಗೂ ಕಾಲು ಸೆಕೆಂಡು ಸುಳ್ಳು ಬರೆಯದಿದ್ದ ಮನುಷ್ಯ ಕಣೋ. ಆಗಿನಿಂದ ಗೋಡೆ ಕಡೆ ತಿರುಗಿ ಮಲಗಿದ್ದಾರೆ, ಊಟಕ್ಕೆ ಏಳುತ್ತಿಲ್ಲ. ಸಂಪಾದಕರಿಗೆ ನೀನೇ ನಿಜ ಬರೆ. ಬರೆದ ಮೇಲೆ ಮನೆಗೆ ಬಾ.