ಒಡ್ಡಿನ ಕಲ್ಲು

ಕುರಕುಂಟಾ
೧೨ ಅಕ್ಟೋಬರ್ ೧೯೫೪

ಸೇಡಂನಲ್ಲಿರುವ ಭಾವ ರೇವಣಪ್ಪನವರಿಗೆ, ನಿಮ್ಮ ತಮ್ಮನ ಹೆಂಡತಿ ಮಾಡುವ ಶರಣಾರ್ಥಿ.

ನಿಮ್ಮ ಆಳು ಬಂದು ನೀವು ಹೇಳಿದ್ದನ್ನು ಹಾಗೆಯೇ ಒಪ್ಪಿಸಿದ: "ಹೊಲ ಆಕೀದು, ಮಣ್ಣು ನಮ್ದು. ದೀಪಾವಳಿ ಆದ ಮ್ಯಾಲ ಬಂಡಿ ಕಳಸ್ತೀನಿ, ಎಲ್ಲಾ ತುಂಬಿ ಕೊಡ್ಲಿ."

ರಜಾಕಾರರ ಗಲಾಟೆಯ ವರ್ಷ ನನ್ನ ಯಜಮಾನರು ತೀರಿಕೊಂಡ ಮೇಲೆ ನೀವೇ ಪಾಲು ಮಾಡಿದಿರಿ. ಮೇಲಿನ ಕರಿಹೊಲ ನಿಮಗೆ, ಕೆಳಗಿನ ಬರೀ ಹಾಸುಬಂಡೆ ನನಗೆ. "ಸಂಡಿಗಿ ಒಣಗಸ್ಲಿಕ್ಕ ಭಾಳ ಛಲೋ ಅದ, ತಂಗಿ" ಎಂದು ನಕ್ಕಿರಿ.

ನಾನು ಬಂಡೆಯ ಕೆಳಗಿನ ಅಂಚಿಗೆ ಒಡ್ಡು ಹಾಕಿದೆ. ಸಂದಿಯಲ್ಲಿ ಹುಟ್ಟಿದ ತಂಗಡಿ ಗಿಡವನ್ನು ಕೀಳದೆ ಬಿಟ್ಟೆ. ಅದರ ಬೇರು ಕಲ್ಲನ್ನು ಸೀಳಿತು, ಬಿಸಿಲು ಮಳೆ ಪುಡಿ ಮಾಡಿದವು. ಆರು ಮಳೆಗಾಲ ಹರಿದು ಬಂದ ಕೆಸರು ಒಡ್ಡಿಗೆ ತಡೆದು ನಿಂತಿತು. ಈಗ ಒಂದು ಮೊಳ ಮಣ್ಣಿದೆ, ಜೋಳ ಬಿತ್ತಿದ್ದೇನೆ.

ಅದರಲ್ಲಿ ನಿಮ್ಮ ಹೊಲದ ಮಣ್ಣೂ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಅದು ಯಾಕೆ ಹರಿದು ಬಂತು? ನಿಮ್ಮ ಹೊಲದ ಅಂಚಿಗೆ ಮಾವನವರು ಕಟ್ಟಿದ್ದ ಕಲ್ಲಿನ ಒಡ್ಡನ್ನು ಕಿತ್ತು, ಆ ಕಲ್ಲನ್ನು ಸೇಡಂ ಮನೆಯ ಪಡಸಾಲೆಗೆ ಹಾಸಿಸಿದಿರಿ. ಅಂದು ನಾನು ಬಂಡಿಗೆ ಅಡ್ಡ ನಿಂತಾಗ, "ಕಲ್ಲಿಂದೇನು ಚಿಂತಿ ನಿನಗ?" ಎಂದು ಗದರಿಸಿದಿರಿ.

ಬಂಡಿ ಕಳಿಸಿರಿ, ಆದರೆ ಖಾಲಿ ಕಳಿಸಬೇಡಿರಿ. ಪಡಸಾಲೆ ಕೀಳಿಸಿ ಆ ಕಲ್ಲು ತುಂಬಿ ಕಳಿಸಿರಿ. ಒಡ್ಡು ಮೊದಲಿನಂತೆ ನಿಂತ ದಿನ ನಿಮ್ಮ ಮಣ್ಣನ್ನು ನಾನೇ ಬುಟ್ಟಿಯಲ್ಲಿ ಹೊತ್ತು ತಂದು ಹಾಕುತ್ತೇನೆ. ಅಲ್ಲಿಯವರೆಗೆ ನನ್ನ ಜೋಳದೊಳಗೆ ನಿಮ್ಮ ಎತ್ತು ಕಾಲಿಡಕೂಡದು.

ಹಾಸುಬಂಡೆ ಹೊಲದ
ಮಹಾದೇವಮ್ಮ