ಹಲ್ಲಿನ ವೇಷಕ್ಕೆ ನೂರಕ್ಕೆ ನೂರು

ಚಿಕ್ಕಪ್ಪನಿಗೆ ನಮಸ್ಕಾರ.

ಓದಿನ ಜೊತೆ ಪಾರ್ಟ್‌ಟೈಮ್ ಕೆಲಸ ಮಾಡಿದರೆ ಮಾತುಗಾರಿಕೆ ಬರುತ್ತದೆಂದು ಯೂನಿವರ್ಸಿಟಿಯ ಮೇಷ್ಟ್ರು ಅಪ್ಪಣೆ ಕೊಡಿಸಿದ್ದರು. ಸರಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮುಂದೆ ಆಳೆತ್ತರದ ಹಲ್ಲಿನ ವೇಷ ತೊಟ್ಟು ದಿನಾ ಸಂಜೆ ಚೀಟಿ ಹಂಚುತ್ತಿದ್ದೆ. ಹಲ್ಲು ಬಾಯಿ ಬಿಡಬಾರದೆಂಬುದು ಡಾಕ್ಟರ ಕಟ್ಟಪ್ಪಣೆ! ಒಳಗೆ ಬೆವರಿ ಬೆವರಿ ನೆಗಡಿ ಹಿಡಿದಿದೆ, ಉಳಿದಂತೆ ಗಟ್ಟಿಮುಟ್ಟಾಗಿದ್ದೇನೆ.

ನಿನ್ನೆ ಅದೇ ಮೇಷ್ಟ್ರು ಮಗಳ ಕೈಹಿಡಿದು ಬಂದರು. ನನ್ನನ್ನು ತೋರಿಸಿ, "ನೆಟ್ಟಗೆ ಓದ್ಲಿಲ್ಲ ಅಂದ್ರೆ ನಿಂಗೂ ಇದೇ ಗತಿ, ನೋಡ್ಕೋ" ಅಂದರು.

ತಡೆಯಲಾಗಲಿಲ್ಲ. "ನಮಸ್ಕಾರ ಸರ್, ನಾನು ನಿಮ್ಮ ಕ್ಲಾಸಿನವಳೇ" ಅಂದೆ.

ಇವತ್ತು ಮೇಷ್ಟ್ರು ಮಾತುಗಾರಿಕೆಗೆ ನೂರಕ್ಕೆ ನೂರು ಕೊಟ್ಟರು. ಮಾತಾಡಿದ್ದಕ್ಕೆ ಡಾಕ್ಟರು ಕೆಲಸದಿಂದ ಕಿತ್ತರು. ಅಮ್ಮನಿಗೆ ಮೊದಲನೆಯದನ್ನು ಮಾತ್ರ ಓದಿ ಹೇಳಿ.

ಅವಸರದಲ್ಲಿ,
ನಿಮ್ಮ ಅಣ್ಣನ ಮಗಳು