ಎಪ್ಪತ್ತೊಂದನೆಯ ನಿಮಿಷ

ಗುರುವಾರ, ಹದಿನಾಲ್ಕನೇ ತಾರೀಖು
ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಪಕ್ಕದ ಬೆಂಚು

ನನ್ನ ಲೆಫ್ಟ್ ವಿಂಗ್ ಮಗಳಿಗೆ,

ಅಪ್ಪನ ಆಶೀರ್ವಾದ. ನಿನ್ನ ಕಾಗದ ಕೈಸೇರಿ ಐದು ದಿನವಾಯಿತು. ತಡ ಮಾಡಿದ್ದಕ್ಕೆ ಬೈದುಕೋ, ಆದರೆ ಇದ್ದಬದ್ದ ಬೈಗುಳವನ್ನೆಲ್ಲ ಈಗಲೇ ಖರ್ಚು ಮಾಡಬೇಡ. ನೀನು ಕೆಲಸ ಮಾಡುವ ಆ ಅಣೆಕಟ್ಟಿನ ಬೆಟ್ಟಕ್ಕೆ ಫೋನ್ ಹತ್ತುವುದಿಲ್ಲ, ವಾರಕ್ಕೊಂದೇ ಟಪಾಲು ಲಾರಿ ಎನ್ನುವುದು ನನಗೆ ಒಳ್ಳೆಯ ನೆಪವಾಗಿತ್ತು. ನಾಳೆ ಬೆಳಿಗ್ಗೆ ಲಾರಿ ಹೊರಡುತ್ತದೆ. ಇನ್ನು ನೆಪವಿಲ್ಲ.

ನೀನು ಎರಡು ಪ್ರಶ್ನೆ ಕೇಳಿದ್ದೀ. ಅಮ್ಮ ಹೇಗಿದ್ದಾಳೆ, ಅವತ್ತು ಆದದ್ದೇನು ಎಂಬುದು ಒಂದು. ನಮ್ಮ ಹುಡುಗರ ಆಟ ಹೇಗಿತ್ತಪ್ಪಾ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಮಗಳೇ. ಅದಕ್ಕೇ ಕೈ ಓಡುತ್ತಿಲ್ಲ.

ಅಮ್ಮ ಬದುಕಿದ್ದಾಳೆ. ಬಲಗೈ, ಬಲಗಾಲು ಏಳುವುದಿಲ್ಲ. ಬಾಯಿ ಒಂದು ಕಡೆ ಸ್ವಲ್ಪ ಎಳೆದುಕೊಂಡಿದೆ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ನಿನ್ನ ಕಾಗದ ಓದಿದಾಗ ಕಣ್ಣಲ್ಲಿ ನೀರು ಹಾಕಿದಳು. ಆದರೆ ಬಾಯಲ್ಲಿ ಬರುವುದು ಒಂದೇ ಮಾತು. ನೀರು ಬೇಕಾ ಎಂದರೆ "ಒಂದ್ನಿಮಿಷ." ನೋಯುತ್ತಾ ಎಂದರೆ "ಒಂದ್ನಿಮಿಷ." ನರ್ಸಮ್ಮ ನಗುತ್ತಾಳೆ, "ಕಾಯಿಸೋದ್ರಲ್ಲಿ ನಿಮ್ಮನೆಯವ್ರು ನಮ್ಮ ಡಾಕ್ಟರನ್ನೂ ಮೀರಿಸಿದ್ರು ಬಿಡಿ." ಹೀಗೆ ಒಂದು ಮಾತು ನಾಲಗೆಗೆ ಅಂಟಿಕೊಂಡು ಉಳಿಯುವುದುಂಟಂತೆ. ಉಳಿದವು ಬಂದರೂ ಬರಬಹುದು, ಬರದೆಯೂ ಇರಬಹುದು.

ಈಗ ಆಟಕ್ಕೆ ಬರುತ್ತೇನೆ. ನಮ್ಮ ಫುಟ್‌ಬಾಲ್ ತಂಡ ಎಂಥದೆಂದು ನಿನಗೆ ಗೊತ್ತಲ್ಲ. ನೀನು ನನ್ನ ಹೆಗಲ ಮೇಲೆ ಕೂತು ನೋಡಿದ ಮೊದಲ ಪಂದ್ಯದಲ್ಲಿ ಏಳು ಗೋಲು ತಿಂದಿದ್ದರು, ನೀನು ಎಂಟನೆಯದು ಯಾವಾಗ ಎಂದು ಕೇಳಿದ್ದೆ. ಮೂರಕ್ಕೆ ಸೋತರೆ ಮರ್ಯಾದೆ, ಒಂದಕ್ಕೆ ಸೋತರೆ ಹಬ್ಬ. ಈ ಸಲವೂ ಟೂರ್ನಿ ಶುರುವಾಗುವಾಗ ಎಲ್ಲರ ಲೆಕ್ಕದಲ್ಲಿ ಕೊನೆಯ ಸ್ಥಾನದವರು ನಾವೇ. ಗೋಲ್‌ಕೀಪರನನ್ನು ಎಲ್ಲರೂ ದೀಪದ ಕಂಬ ಎನ್ನುತ್ತಿದ್ದರು, ಅಷ್ಟುದ್ದ, ಅಷ್ಟೇ ಅಲುಗಾಟ. ಕ್ಯಾಪ್ಟನ್ನಿಗೆ ಮೂವತ್ತೆಂಟು ವರ್ಷ, ಮಂಡಿಗೆ ಎರಡು ಆಪರೇಷನ್.

ಅಂಥವರು ಮೊದಲ ಪಂದ್ಯದಲ್ಲಿ ಗೋಲು ಹಾಕಿಬಿಟ್ಟರು ಕಣೇ! ನಾನು ಮಂಚ ಬಿಟ್ಟು ಟೀವಿ ಮುಂದೆ ಮೋಟು ಸ್ಟೂಲಿನ ಮೇಲೆ ಕೂತಿದ್ದೆ, ಎಡಗಾಲಿಗೆ ಮಾತ್ರ ಕಾಲುಚೀಲ. ಒಳಕೋಣೆಯಲ್ಲಿ ಅಮ್ಮ ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು. ಶಾಲೆಯ ಸಮವಸ್ತ್ರದ ಆರ್ಡರ್ ಇತ್ತಲ್ಲ. ಗೋಲು ಬಿತ್ತು, ನಾನು ಕಿರುಚಿದೆ, ಮೆಷಿನ್ ನಿಂತಿತು, ಆ ಕಡೆಯವರು ನುಗ್ಗಿಬಂದರು. "ತುಳಿಯೇ, ನಿಲ್ಲಿಸಬೇಡ!" ಎಂದೆ. ಅವಳು ತುಳಿದಳು, ನಾವು ಗೆದ್ದೆವು. ಅಲ್ಲಿಂದ ಅದೇ ನಿಯಮವಾಯಿತು. ನಾನು ಸ್ಟೂಲಿನಿಂದ ಏಳಬಾರದು, ಅವಳು ಮೆಷಿನ್ ನಿಲ್ಲಿಸಬಾರದು. ಸಮವಸ್ತ್ರ ಮುಗಿದ ಮೇಲೂ ಹಳೆಯ ಬೆಡ್‌ಶೀಟಿನ ಅಂಚು ಹೊಲಿಸಿದೆ. "ನಿಮ್ಮ ಹುಡುಗ್ರು ಕಪ್ ಗೆದ್ರೆ ಅರ್ಧ ನಂಗೆ ಕೊಡ್ಬೇಕು, ತುಳಿದೋಳು ನಾನು" ಎಂದು ನಗುತ್ತಿದ್ದಳು. ನಗುನಗುತ್ತಲೇ ನಾಲ್ಕು ಪಂದ್ಯ ತುಳಿದಳು. ನಾವು ಕ್ವಾರ್ಟರ್ ಫೈನಲ್ ಮುಟ್ಟಿದೆವು. ನಮ್ಮ ಡಿಪೋದಲ್ಲಿ ಡ್ರೈವರುಗಳು ಹಾರ್ನ್ ಹೊಡೆಯುತ್ತ ಗೇಟು ದಾಟುತ್ತಿದ್ದರು, ಅದನ್ನು ದೂರು ಪುಸ್ತಕದಲ್ಲಿ ಬರೆಯಬೇಕಾದ ಟೈಮ್ ಕೀಪರ್ ನಾನೇ ಮೇಜು ಕುಟ್ಟುತ್ತಿದ್ದೆ.

ಕ್ವಾರ್ಟರ್ ಫೈನಲ್ ಮೂರನೇ ತಾರೀಖು, ಭಾನುವಾರ, ಸಂಜೆ ನಾಲ್ಕಕ್ಕೆ. ಬೆಳಗಿನಿಂದ ಅಮ್ಮನಿಗೆ ತಲೆನೋವು. "ಇವತ್ತು ಮಲಗ್ತೀನ್ರೀ" ಎಂದಳು. ನಾನು ಗೋಗರೆದೆ. ಇದೊಂದು ಪಂದ್ಯ, ಆಮೇಲೆ ವಾರವಿಡೀ ಮಲಗು, ಅಡುಗೆ ನಾನೇ ಮಾಡ್ತೀನಿ ಎಂದೆ. ಹೋಗಿ ಕೂತಳು.

ಮೊದಲರ್ಧದಲ್ಲೇ ಕ್ಯಾಪ್ಟನ್ ಆ ಮುರುಕಲು ಮಂಡಿಯಲ್ಲೇ ಒಂದು ಗೋಲು ಹೊಡೆದ. ಪ್ರಪಂಚವನ್ನೇ ಆಳಿದ ತಂಡದ ಮುಂದೆ ನಾವು ಒಂದು ಗೋಲು ಮುಂದೆ! ದೀಪದ ಕಂಬ ಎತ್ತೆತ್ತಲೋ ಹಾರುತ್ತಿದ್ದ. ನನ್ನ ಜೀವ ಬಾಯಿಗೆ ಬಂದಿತ್ತು. ಎಪ್ಪತ್ತೊಂದನೆಯ ನಿಮಿಷದಲ್ಲಿ ಮೆಷಿನ್ ನಿಂತಿತು.

"ಯಾಕೇ ನಿಲ್ಲಿಸ್ದೆ? ತುಳಿಯೇ!"

"ರೀ, ಕಾಲು ಏನೋ... ಬನ್ರೀ ಇಲ್ಲಿ."

"ಒಂದ್ನಿಮಿಷ."

ಮತ್ತೆ ಕರೆದಳು. ಮಾತು ತೊದಲುತ್ತಿತ್ತು. ಅದು ನನ್ನ ಕಿವಿಗೆ ಬಿತ್ತು ಮಗಳೇ, ಬೀಳಲಿಲ್ಲ ಎನ್ನುವುದಿಲ್ಲ. "ಒಂದ್ನಿಮಿಷ ಅಂದ್ನಲ್ಲ!" ಎಂದು ಗದರಿದೆ. ಎದ್ದರೆ ಗೋಲು ಬೀಳುತ್ತದೆ ಎಂದು ಅಂಡೂರಿ ಕೂತೆ. ಎಪ್ಪತ್ತನಾಲ್ಕರಲ್ಲಿ ಗೋಲು ಬಿದ್ದೇ ಬಿತ್ತು. ಆಗ ನಿಮ್ಮಮ್ಮನ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂತು. ಇವಳೇ ಮೆಷಿನ್ ನಿಲ್ಲಿಸಿ ಸೋಲಿಸಿದಳು ಅಂದುಕೊಂಡೆ. ಹೆಚ್ಚುವರಿ ಅರ್ಧ ಗಂಟೆ ಕೂತೆ. ಪೆನಾಲ್ಟಿಗೂ ಕೂತೆ. ಕೊನೆಯ ಒದೆತ ಕ್ಯಾಪ್ಟನ್ನದು, ಚೆಂಡು ಅಡ್ಡಪಟ್ಟಿಗೆ ಬಡಿದು ಹೊರಗೆ ಹೋಯಿತು. ಅವನು ಮೈದಾನದಲ್ಲೇ ಮುಖ ಮುಚ್ಚಿ ಕುಸಿದ. ಮಗಳೇ, ನಾನು ಅವನಿಗಾಗಿ ಅತ್ತೆ. ಒಳಗೆ ಎದ್ದು ಹೋಗುವ ಮೊದಲು, ಅವನಿಗಾಗಿ ಅಷ್ಟು ಹೊತ್ತು ಅತ್ತೆ.

ಒಳಗೆ ಅವಳು ಮೆಷಿನ್ನಿನ ಕಾಲಿಗೆ ಒರಗಿ ನೆಲದ ಮೇಲಿದ್ದಳು. ಸೂಜಿಯ ಕೆಳಗೆ ಬೆಡ್‌ಶೀಟು ಹಾಗೇ ಇತ್ತು. ಎದುರು ಮನೆಯ ಡ್ರೈವರ್ ವ್ಯಾನ್ ತಂದ.

ಡಿಪೋದಿಂದ ಬಂದು ನೋಡುವಾಗ ಬಿದ್ದಿದ್ದಳು ಎಂದು ನಿನಗೆ ಸುದ್ದಿ ಕಳಿಸಿದ್ದೆನಲ್ಲ, ಅದು ಸುಳ್ಳು. ನಾನು ಮನೆಯಲ್ಲೇ ಇದ್ದೆ. ಹತ್ತು ಹೆಜ್ಜೆ ದೂರದಲ್ಲಿ ಒಂದೇ ಕಾಲಿಗೆ ಚೀಲ ಹಾಕಿಕೊಂಡು ಕೂತಿದ್ದೆ.

ಊರಲ್ಲಿ ಹುಡುಗರಿಗೆ ಮೆರವಣಿಗೆ ಮಾಡಿದರು. ಸೋತವರಿಗೆ ಹಾರ! ಹಾಕಲಿ, ಅವರು ಕಾಲು ಸೋಲುವವರೆಗೆ ಓಡಿದರು. ನೀನು ಕೇಳಿದೆಯಲ್ಲ, ಆಟ ಹೇಗಿತ್ತೆಂದು. ಅಷ್ಟು ಚೆನ್ನಾದ ಆಟ ನಾನು ಈ ಜನ್ಮದಲ್ಲಿ ಕಂಡಿಲ್ಲ. ಅದನ್ನು ಒಪ್ಪಿಕೊಳ್ಳುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಿನ್ನ ರಜೆಗೆ ಇನ್ನೂ ಇಪ್ಪತ್ತು ದಿನವಿದೆ ಎಂದು ಬರೆದಿದ್ದೀ. ಮೇಲಿನವರ ಕೈಕಾಲು ಹಿಡಿದಾದರೂ ಬೇಗ ಬಾ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಹೇಳು, ನೀನಿರುವಾಗ ಡಿಪೋದಲ್ಲೇ ಮಲಗುತ್ತೇನೆ. ಅವಳಿಗಾಗಿ ಬಾ. ಬೆಟ್ಟದ ಮೇಲೆ ಚಳಿಯಿರುತ್ತದೆ, ಕಿವಿ ಮುಚ್ಚಿಕೋ. ನಿನಗೆ ಒಳ್ಳೆಯದಾಗಲಿ. ಹರಸುವ ಯೋಗ್ಯತೆ ಉಳಿದಿದೆಯೋ ಇಲ್ಲವೋ, ಹರಸದೆ ಇರಲಾರೆ.

ನಿನ್ನ,
ಅಪ್ಪ

ಮ.ವಿ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಅವತ್ತು ಆಸ್ಪತ್ರೆ ಮುಟ್ಟಿದಾಗ ಏಳೂ ಇಪ್ಪತ್ತು. ಡ್ರೈವರ್ ವ್ಯಾನ್ ನಿಲ್ಲಿಸಲು ಹೋಗಿದ್ದ. ಡಾಕ್ಟರಮ್ಮ ಓಡಿಬಂದು ಮೊದಲು ಕೇಳಿದ್ದೇ ಅದು, "ಯಾವಾಗ ಶುರುವಾಯ್ತು? ಸರಿಯಾದ ಹೊತ್ತು ಹೇಳಿ." ಇಪ್ಪತ್ತಾರು ವರ್ಷ ಪ್ರತಿ ಬಸ್ಸು ಹೊರಟ ನಿಮಿಷ ಬರೆದವನು ನಾನು. ಎಪ್ಪತ್ತೊಂದನೆಯ ನಿಮಿಷವೆಂದರೆ ಐದೂ ಇಪ್ಪತ್ತೆಂಟು, ನನಗೆ ಗೊತ್ತಿತ್ತು. ಹೇಳಿದರೆ, ಅಲ್ಲಿಯವರೆಗೆ ಏನು ಮಾಡ್ತಿದ್ರಿ ಎನ್ನುತ್ತಾರಲ್ಲ. "ಗೊತ್ತಿಲ್ಲ, ಬೆಳಿಗ್ಗೆ ಹೋಗಿದ್ದೆ, ಈಗ ಬಂದೆ" ಎಂದೆ. ಡಾಕ್ಟರಮ್ಮ ತಲೆಯಾಡಿಸಿದರು. "ನಾಲ್ಕೂವರೆ ಗಂಟೆಯೊಳಗಾದ್ರೆ ಒಂದು ಇಂಜೆಕ್ಷನ್ ಇತ್ತು. ಹೊತ್ತು ಗೊತ್ತಿಲ್ದೆ ಕೊಟ್ರೆ ಜೀವಕ್ಕೇ ಅಪಾಯ." ಆಗಲೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನಿಮ್ಮಮ್ಮ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಎಡಗೈಯಿಂದ ನನ್ನ ಅಂಗಿ ಹಿಡಿದು, ಡಾಕ್ಟರಮ್ಮನ ಕಡೆ ನೋಡಿ, ಬಾಯಿ ಒದ್ದಾಡಿಸಿ "ಒಂದ್ನಿಮಿಷ" ಎಂದಳು. "ಏನೋ ಹೇಳ್ತಿದಾರಲ್ಲ?" ಎಂದು ಅವರು ಬಗ್ಗಿದರು.

ನಾನು ಅವಳ ಬೆರಳು ಬಿಡಿಸಿ, "ಏನಿಲ್ಲ, ಸುಮ್ನೆ ಬಡಬಡಿಸ್ತಿದಾಳೆ" ಎಂದೆ.